ಸೋದರಮಾವನ ಜೊತೆ ಟೆಕ್ಸಾಸ್ ಸುತ್ತಾಟ

ವಿಮಾನ ನಿಲ್ದಾಣ

ಅಮೆರಿಕದ ನೆಲದ ಮೇಲೆ ನನ್ನನ್ನು ಮೊದಲು ಮಾತಾಡಿಸಿದ ಮನುಷ್ಯ ನನ್ನ ಪುಸ್ತಕದ ಬಗ್ಗೆಯೇ ಕೇಳಿದ. ಯಾವ ಲೇಖಕಿಗೆ ಈ ಭಾಗ್ಯ ಸಿಕ್ಕೀತು ಹೇಳಿ? ಆತ ಡಾಲಸ್ ನಿಲ್ದಾಣದ ಕಸ್ಟಮ್ಸ್ ಅಧಿಕಾರಿ ಎಂಬುದು ಬೇರೆ ಮಾತು.

ನನ್ನ ಸೂಟ್‌ಕೇಸಿನಲ್ಲಿ ಸೀರೆಗಳಿಗಿಂತ ಹೆಚ್ಚಾಗಿ ಒಂದೇ ಪುಸ್ತಕದ ಪ್ರತಿಗಳಿದ್ದವು. ಅವುಗಳ ಸಂದಿಯಲ್ಲಿ ದಾವಣಗೆರೆಯ ಮಂಡಕ್ಕಿ ಮತ್ತು ಚಟ್ನಿಪುಡಿ. ಆತ ಮಂಡಕ್ಕಿಯನ್ನು ಬಿಟ್ಟು ಪುಸ್ತಕವನ್ನು ಎತ್ತಿಕೊಂಡ. ಮುಖಪುಟದಲ್ಲಿ ಮೈಕಿನ ಮುಂದೆ ನಗುತ್ತಿರುವ ದಪ್ಪ ಮೀಸೆಯ ಗಂಡಸಿನ ಚಿತ್ರ.

"ಯಾರಿವರು?"

"ಸರ್ವಾಧಿಕಾರಿ" ಅಂದೆ, ಕ್ಲಾಸಿನ ಕೊನೆಯ ಬೆಂಚಿಗೂ ಕೇಳಿಸುವ ಧ್ವನಿಯಲ್ಲಿ. ನನ್ನ ಹಿಂದಿನ ಸಾಲು ಒಂದು ಹೆಜ್ಜೆ ಹಿಂದೆ ಸರಿಯಿತು.

"ನಿಮಗೆ ಪರಿಚಯವೇ?"

"ಇಲ್ಲ. ನಾನು ಅವನನ್ನು ನೋಡಿಯೇ ಇಲ್ಲ."

"ಅವನ ದೇಶಕ್ಕೆ ಹೋಗಿದ್ದಿರಾ?"

"ಇಲ್ಲ."

"ಮತ್ತೆ ಇಷ್ಟು ದಪ್ಪ ಪುಸ್ತಕ ಹೇಗೆ ಬರೆದಿರಿ?"

ಇದೇ ಪ್ರಶ್ನೆಯನ್ನು ನಮ್ಮೂರಿನ ವಿಮರ್ಶಕರೊಬ್ಬರು ಕೇಳಿದಾಗ ನಾನು ಅವರ ಜೊತೆ ಮಾತು ಬಿಟ್ಟಿದ್ದೆ. ಇಲ್ಲಿ ಹಾಗೆ ಮಾಡುವಂತಿರಲಿಲ್ಲ. "ಲೈಬ್ರರಿ" ಅಂದೆ. ಆತ ನನ್ನನ್ನೂ ಮೀಸೆಯನ್ನೂ ಒಂದು ಸಲ ನೋಡಿ, ಪಾಪ ಅನ್ನಿಸಿರಬೇಕು, ಮುಂದೆ ಕಳಿಸಿದ.

ನಾನು ದಾವಣಗೆರೆಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಪುಸ್ತಕ ಒಂದು ಕಡಲ ತೀರದ ಸಣ್ಣ ದೇಶದ ನಾಯಕನ ಜೀವನ ಮತ್ತು ಆಳ್ವಿಕೆಯ ಕುರಿತದ್ದು. ಆ ದೇಶದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವು ನಕಾಶೆ ನೋಡಲು ಎದ್ದು ಹೋಗುತ್ತೀರಿ, ನನ್ನ ಕಥೆ ಅರ್ಧಕ್ಕೆ ನಿಲ್ಲುತ್ತದೆ. ಅಲ್ಲಿನ ಜನ ಅವನನ್ನು ತಾಯಿಯ ತಮ್ಮ ಎಂಬ ಅರ್ಥದಲ್ಲಿ ಕರೆಯುತ್ತಿದ್ದರು. ನಾನು ಕನ್ನಡದಲ್ಲಿ ಸೋದರಮಾವ ಎಂದು ಮಾಡಿದೆ. ಮನೆಗೆ ಬರುವಾಗ ತಿಂಡಿ ತರುವವನು, ಮದುವೆಯಲ್ಲಿ ಮುಂದೆ ನಿಲ್ಲುವವನು, ಗದರಿಸಿದರೂ ಯಾರೂ ಬೇಜಾರು ಮಾಡಿಕೊಳ್ಳದವನು.

ನನ್ನನ್ನು ಕರೆಸಿದ್ದು ಅರಳೀಕಟ್ಟೆ ಬಳಗ. ಟೆಕ್ಸಾಸಿನ ದೊಡ್ಡ ಸಂಘಗಳ ಸಾಲಿಗೆ ಸೇರಿದ್ದಲ್ಲ, ಡಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರುಗಳ ಕೆಲವು ಮನೆಯವರು ಸೇರಿ ಕಟ್ಟಿಕೊಂಡ ಗುಂಪು. ಅರಳಿಮರವೂ ಇಲ್ಲ, ಕಟ್ಟೆಯೂ ಇಲ್ಲ, ಒಂದು ವಾಟ್ಸ್ಆ್ಯಪ್ ಗ್ರೂಪ್ ಇದೆ. ಮೂರೂರಲ್ಲಿ ಮೂರು ಭಾಷಣ, ಕೊನೆಯದು ಅವರ ವಾರ್ಷಿಕ ಸಭೆಯ ದಿನ.

ಹೊರಗೆ ಅಧ್ಯಕ್ಷರು ಹಾರ ಹಿಡಿದು ನಿಂತಿದ್ದರು. ಪ್ರಸನ್ನ ಅಂತ, ಮೈಸೂರಿನವರು, ಸಾಫ್ಟ್‌ವೇರ್ ಕೆಲಸ. ನಾನು ಬಾಯಿ ತೆರೆಯುವ ಮೊದಲೇ ನನ್ನ ಸೂಟ್‌ಕೇಸು ಅವರ ಕೈಯಲ್ಲಿತ್ತು, ನನ್ನ ಮಂಡಿನೋವಿಗೆ ಮುಲಾಮು ಅವರ ಜೇಬಿನಲ್ಲಿತ್ತು.

"ಮಂಡಿನೋವು ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ನಿಮ್ಮ ತಂಗಿಗೆ ಫೋನ್ ಮಾಡಿದ್ದೆ ಮೇಡಂ. ನೀವೇನೂ ಟೆನ್ಶನ್ ಮಾಡ್ಕೋಬೇಡಿ, ಎಲ್ಲಾ ನಾನು ನೋಡ್ಕೋತೀನಿ."

ಇಂಥ ಮಾತು ಹೇಳಿ ಅದನ್ನು ನಡೆಸಿಯೂ ಕೊಟ್ಟವರು ನನ್ನ ಆಯುಷ್ಯದಲ್ಲಿ ಕಡಿಮೆ. ಕಾರು ಹತ್ತುವಷ್ಟರಲ್ಲೇ ನಾನು ಅವರ ಕಡೆಯವಳಾಗಿದ್ದೆ.

ಸೌತ್‌ಲೇಕ್

ಪ್ರಸನ್ನ ಅವರ ಮನೆ ಸೌತ್‌ಲೇಕಿನಲ್ಲಿ. ನಮ್ಮ ಕಾಲೇಜಿನ ಪ್ರಿನ್ಸಿಪಾಲರ ಕೊಠಡಿ, ಸ್ಟಾಫ್ ರೂಮು, ಸೈಕಲ್ ಸ್ಟ್ಯಾಂಡು ಎಲ್ಲ ಆ ಮನೆಯ ಹಾಲಿನಲ್ಲಿ ಹಿಡಿಸುತ್ತಿದ್ದವು. ಹೊರಗೆ ದಾವಣಗೆರೆಯ ಏಪ್ರಿಲನ್ನು ನಾಚಿಸುವ ಬಿಸಿಲು, ಒಳಗೆ ಹಲ್ಲು ಕಟಕಟಿಸುವ ಏಸಿ. ಉರಿಬಿಸಿಲಿನ ಊರಿನಲ್ಲಿ ಜನ ಸ್ವೆಟರ್ ಹಾಕಿಕೊಂಡು ಐಸ್ ನೀರು ಕುಡಿಯುವುದನ್ನು ಅಲ್ಲಿಯೇ ಕಂಡೆ.

ಇನ್ನೊಂದು ಅಭ್ಯಾಸವಿದೆ. ಅಂಗಡಿಯ ಬಾಗಿಲಲ್ಲಿ ಮುಂದೆ ಹೋದವರು ಹಿಂದೆ ಬರುವವರಿಗೋಸ್ಕರ ಬಾಗಿಲು ಹಿಡಿದು ನಿಲ್ಲುತ್ತಾರೆ. ನಾನು ಕಾರ್ ಪಾರ್ಕಿನ ಇನ್ನೊಂದು ತುದಿಯಲ್ಲಿದ್ದರೂ ಹಿಡಿದೇ ನಿಲ್ಲುತ್ತಾರೆ, ನಗುತ್ತಲೇ ನಿಲ್ಲುತ್ತಾರೆ. ಅವರ ಸೌಜನ್ಯ ಹಾಳಾಗಬಾರದೆಂದು ನಾನು ಸೀರೆ ಎತ್ತಿ ಹಿಡಿದು ಓಡುತ್ತಿದ್ದೆ. ಟೆಕ್ಸಾಸಿನವರ ಮರ್ಯಾದೆಯಿಂದಾಗಿ ನನ್ನ ಮಂಡಿನೋವು ಹೆಚ್ಚಾಯಿತು.

ಮೊದಲ ದಿನವೇ ಅಧ್ಯಕ್ಷರು ನನ್ನನ್ನು ಕ್ಯಾರಲ್ಟನ್ನಿನ ದಿನಸಿ ಅಂಗಡಿಗೆ ಕರೆದುಕೊಂಡು ಹೋದರು. ಅಲ್ಲಿ ಕಾಣುವ ಪ್ರತಿ ಕನ್ನಡಿಗರ ಮಗುವಿನ ಹೆಸರೂ ಅವರಿಗೆ ಗೊತ್ತು. ಒಬ್ಬರಿಗೆ ಕೆಲಸ ಹೋಗಿತ್ತು, ಇವರು ಇನ್ನೊಂದು ಕಡೆ ಹೇಳಿಸಿದ್ದರು. ಇನ್ನೊಬ್ಬಾಕೆಯ ಬಾಣಂತನಕ್ಕೆ ಊರಿಂದ ಅಮ್ಮ ಬರಲಾಗಿರಲಿಲ್ಲ, ಸೌತ್‌ಲೇಕಿನಿಂದ ಮೆಣಸಿನ ಸಾರು ಹೋಗಿತ್ತು. "ಪ್ರಸನ್ನಣ್ಣ ಇಲ್ದಿದ್ರೆ ನಾವು ಏನಾಗ್ತಿದ್ವೋ ಮೇಡಂ" ಎಂದು ಆಕೆ ತೊಂಡೆಕಾಯಿ ಆರಿಸುತ್ತಾ ಕಣ್ಣೊರೆಸಿಕೊಂಡಳು. ನನಗೂ ಕಣ್ಣು ತೇವವಾಯಿತು. ನಮ್ಮ ಬೀದಿಯ ಕಾರ್ಪೊರೇಟರ್ ಮುಖ ಕಂಡು ವರ್ಷಗಳಾಗಿದ್ದವು.

ಡಾಲಸ್ ಭಾಷಣ

ಭಾಷಣ ಚೆನ್ನಾಗಿಯೇ ಆಯಿತು. ನನಗೆ ಹಾಗನ್ನಿಸಿತು.

ಸೋದರಮಾವನ ಕಥೆಯ ಮೊದಲರ್ಧ ಹೇಳಿದೆ. ಉಪ್ಪಿನ ಗದ್ದೆಗಳ ಊರಿನಲ್ಲಿ ದೋಣಿ ರಿಪೇರಿ ಮಾಡುವವನ ಮಗ. ರೇಡಿಯೋದಲ್ಲಿ ಮೀನುಗಾರರಿಗೆ ಹವಾಮಾನ ಓದುವ ಕೆಲಸ ಸಿಕ್ಕಿತು. ಒಂದು ಸಂಜೆ ಇಲಾಖೆ ಕೊಟ್ಟ ಕಾಗದದಲ್ಲಿ ಸಮುದ್ರ ಶಾಂತ ಎಂದಿತ್ತು. ಇವನು ಕಿಟಕಿಯಿಂದ ಮೋಡ ನೋಡಿದ, ಕಾಗದ ಪಕ್ಕಕ್ಕಿಟ್ಟು "ಯಾರೂ ದೋಣಿ ಇಳಿಸಬೇಡಿ" ಅಂದ. ಬಿರುಗಾಳಿ ಬಂತು, ಊರಿನ ಗಂಡಸರೆಲ್ಲ ಉಳಿದರು. ಮರುದಿನ ಕೆಲಸ ಹೋಯಿತು, ಆದರೆ ದೇಶ ಸಿಕ್ಕಿತು. "ದೊಡ್ಡವರು ನಿಮಗೆ ಹೇಳಲಿಲ್ಲ, ನಾನು ಹೇಳಿದೆ" ಎಂದು ಅವನು ಊರೂರು ತಿರುಗಿದ. ಜನ ಮನಸಾರೆ ಓಟು ಹಾಕಿದರು. ಯಾರೂ ಬಲವಂತ ಮಾಡಿರಲಿಲ್ಲ.

ಗೆದ್ದ ಮೇಲೆ ಕರೆಯದೆಯೇ ಬಡವರ ಮದುವೆಗಳಿಗೆ ಹೋಗಿ ನೆಲದ ಮೇಲೆ ಕೂತು ಉಂಡ. ಮಗು ಹುಟ್ಟಿದ ಮನೆಗೆ ಸರ್ಕಾರದಿಂದ ತೊಟ್ಟಿಲು ಬರುತ್ತಿತ್ತು, ತಲೆಯ ಕಡೆ ಅವನ ಚಿತ್ರ. ರೇಡಿಯೋ ಬಿಡಲಿಲ್ಲ. ಪ್ರತಿ ಸಂಜೆ ಮಾತು ಮುಗಿಸುವಾಗ "ನಿಶ್ಚಿಂತೆಯಿಂದ ಮಲಗಿ, ಸಮುದ್ರವನ್ನು ನಾನು ನೋಡಿಕೊಳ್ಳುತ್ತೇನೆ" ಅನ್ನುತ್ತಿದ್ದ. ಒಬ್ಬನೇ ಮೂರನೇ ಸಲ ನಿಲ್ಲಬಾರದೆಂದು ಕೋರ್ಟು ಹೇಳಿದಾಗ ಅವನು ನ್ಯಾಯಾಧೀಶರನ್ನು ಜೈಲಿಗೆ ಹಾಕಲಿಲ್ಲ. ಸನ್ಮಾನ ಮಾಡಿ, ದಣಿದಿದ್ದೀರಿ ಎಂದು ವಿಶ್ರಾಂತಿಗೆ ಕಳಿಸಿದ. ಜೈಲು ಆಮೇಲೆ ಬಂತು, ಅದೂ ನ್ಯಾಯಾಧೀಶರ ಪರವಾಗಿ ಬರೆದ ಪತ್ರಕರ್ತರಿಗೆ. ಬಳಿಕ ಬಂದರಿನ ಮೈದಾನದಲ್ಲಿ ಜನ ಸೇರಿಸಿ, ಚಪ್ಪಾಳೆ ತಟ್ಟಿಸಿ, ಆ ನಿಯಮವನ್ನೇ ತೆಗೆದುಹಾಕಿದ.

ಮುಗಿದ ಮೇಲೆ ಒಬ್ಬರು ಬಂದು ಕಿವಿಯಲ್ಲಿ "ಯಾರ ಬಗ್ಗೆ ಹೇಳಿದ್ರಿ ಅಂತ ಗೊತ್ತಾಯ್ತು ಮೇಡಂ" ಎಂದು ಕಣ್ಣು ಮಿಟುಕಿಸಿದರು. ಇನ್ನೊಬ್ಬರೂ ಹಾಗೆಯೇ ಅಂದರು. ಇಬ್ಬರ ಮನಸ್ಸಿನಲ್ಲಿದ್ದದ್ದು ಬೇರೆ ಬೇರೆ ನಾಯಕರು. ಮೊದಲನೆಯವರಿಗೆ ಬೇಡವಾದವರು ಎರಡನೆಯವರ ದೇವರು. ಇಬ್ಬರೂ ನನ್ನ ಧೈರ್ಯವನ್ನು ಹೊಗಳಿದರು. ನಾನು ಯಾರನ್ನೂ ತಿದ್ದಲಿಲ್ಲ. ಹೊಗಳಿಕೆ ಹಾಳಾಗುತ್ತಲ್ಲ.

ಆಮೇಲೆ ಸನ್ಮಾನ. ಇದು ನಮ್ಮವರು ಕಡಲು ದಾಟಿದರೂ ಬಿಡದ ಶಾಸ್ತ್ರ. ಶಾಲು, ಹಾರ, ಹಳದಿ ಹಾಳೆ ಸುತ್ತಿದ ಹಣ್ಣಿನ ಬುಟ್ಟಿ, ಗೋಡೆಯಷ್ಟು ಅಗಲದ ಸ್ಮರಣಿಕೆ, ಕೊನೆಗೆ ಮೈಸೂರು ಪೇಟ. ಆ ಪೇಟ ಗಂಡಸರ ತಲೆಯ ಅಳತೆಯದು. ನನ್ನ ತುರುಬಿನ ಮೇಲೆ ಕೂರಲೊಲ್ಲದೆ ಒಂದು ಕಣ್ಣಿನ ಮೇಲಕ್ಕೆ ಜಾರಿತು. ಪ್ರಸನ್ನ ತಾವೇ ಅದನ್ನು ಸರಿಮಾಡಿ, ಸಭೆಯಲ್ಲಿ ಬಗ್ಗಿ ನನ್ನ ಕಾಲಿಗೆ ನಮಸ್ಕಾರ ಮಾಡಿದರು. ನಿವೃತ್ತಿಯಾದ ಮೇಲೆ ನನ್ನ ಕಾಲು ಮುಟ್ಟಿದವರೆಂದರೆ ಎಕ್ಸ್‌ರೇ ತೆಗೆಯುವ ಹುಡುಗಿ ಒಬ್ಬಳೇ.

ಸನ್ಮಾನ ಮಾಡಿಸಿಕೊಂಡವರು ಎರಡು ಮಾತು ಆಡಬೇಕು. ಅದೂ ಶಾಸ್ತ್ರ. ಮೈಕು ಕೈಗೆ ಬಂತು, ಪೇಟ ಮತ್ತೆ ಒಂದು ಕಣ್ಣಿನ ಮೇಲಕ್ಕೆ ಜಾರಿತ್ತು, ಶಾಲು ಏಸಿಯ ಚಳಿಗೆ ಬೆಚ್ಚಗಿತ್ತು. "ಇಂಥ ಅಧ್ಯಕ್ಷರು ಸಿಕ್ಕಿದ್ದು ನಿಮ್ಮ ಪುಣ್ಯ. ಇವರು ಸದಾಕಾಲ ನಿಮ್ಮ ಅಧ್ಯಕ್ಷರಾಗಿಯೇ ಇರಲಿ!" ಅಂದೆ.

ಎಂಥ ಚಪ್ಪಾಳೆ ಅಂತೀರಿ! ಭಾಷಣಕ್ಕೆ ಬಂದದ್ದಕ್ಕಿಂತ ಜೋರಾಗಿತ್ತು. ಯಾಕೆ ಅಷ್ಟು ಜೋರು ಎಂದು ನಾನು ಯೋಚಿಸಬೇಕಿತ್ತು. ಯೋಚಿಸಲಿಲ್ಲ, ಹಣ್ಣಿನ ಬುಟ್ಟಿಯಲ್ಲಿ ಮಾವಿನಹಣ್ಣು ಇದೆಯೇ ಎಂದು ನೋಡುತ್ತಿದ್ದೆ.

ಹ್ಯೂಸ್ಟನ್

ಹ್ಯೂಸ್ಟನ್ನಿಗೆ ಬಳಗದವರೊಬ್ಬರ ಕಾರಿನಲ್ಲಿ ಹೋದೆ. ದಾರಿಯುದ್ದಕ್ಕೂ ಕಾರು ಮಾರುವ ಅಂಗಡಿಗಳ ಮೇಲೆ ಕಲ್ಯಾಣಮಂಟಪದ ಶಾಮಿಯಾನದಷ್ಟು ದೊಡ್ಡ ಬಾವುಟಗಳು. ಮಡಿಲಲ್ಲಿ ಹಣ್ಣಿನ ಬುಟ್ಟಿ, ಪೇಟ ಇಡಲು ಜಾಗವಿಲ್ಲದೆ ತಲೆಯ ಮೇಲೆಯೇ. ಪಕ್ಕದ ಲಾರಿಯ ಚಾಲಕ ಕಿಟಕಿ ಇಳಿಸಿ ತನ್ನ ಅಗಲ ಅಂಚಿನ ಟೋಪಿ ಎತ್ತಿ ವಂದಿಸಿದ. ನಾನೂ ಪೇಟ ಎತ್ತಿದೆ. ಟೋಪಿಯವರ ನಡುವಿನ ಆ ಸಲಿಗೆ ನನಗೆ ಬಹಳ ಹಿಡಿಸಿತು.

ಅಲ್ಲಿ ಇಳಿದುಕೊಂಡದ್ದು ಡಾಕ್ಟರ್ ವಿಜಯಾ ಅವರ ಮನೆಯಲ್ಲಿ. ಧಾರವಾಡದವರು, ಮಕ್ಕಳ ವೈದ್ಯೆ. ಬಾಗಿಲು ತೆರೆದವರು ಮುಗುಳ್ನಕ್ಕರು, ಆದರೆ ಆ ನಗು ಕಣ್ಣಿನ ತನಕ ಹೋಗಲಿಲ್ಲ. ಅವರ ಅತ್ತೆ ಶಂಕರವ್ವ ಮಾತ್ರ ನೆಲದ ಮೇಲೆ ಚೌಕಾಬಾರ ಹಾಸಿಕೊಂಡು, ಕವಡೆ ಕುಲುಕುತ್ತಾ, "ಬರ್ರಿ ತಾಯಿ, ಕೂಡ್ರಿ, ಒಂದಾಟ ಆಡೂಣು" ಎಂದರು. ನಾನು ಸೋತೆ. ಮತ್ತೆ ಆಡಿದೆ, ಮತ್ತೆ ಸೋತೆ. ಆಕೆ ನನ್ನ ಕಾಯಿಗಳನ್ನು ಕಡಿಯುವಾಗಲೆಲ್ಲ "ಸಿಟ್ಟಾಗಬ್ಯಾಡ್ರಿ" ಅನ್ನುತ್ತಿದ್ದರು.

ಊಟವಾದ ಮೇಲೆ ವಿಜಯಾ ಫೋನು ತಂದು ನನ್ನ ಮುಂದೆ ಹಿಡಿದರು. ಪೇಟ ಹಾಕಿಕೊಂಡ ಹೆಂಗಸೊಬ್ಬಳು ಒಂದು ಕಣ್ಣು ಮುಚ್ಚಿಕೊಂಡು "ಸದಾಕಾಲ" ಅನ್ನುತ್ತಿದ್ದಳು.

"ಇದು ಎಲ್ಲರ ಫೋನಿಗೂ ಬಂದೈತ್ರಿ ಮೇಡಂ. ನಮ್ಮ ಬಳಗದಾಗ ಯಾರೂ ಎರಡು ಅವಧಿಗಿಂತ ಹೆಚ್ಚು ಅಧ್ಯಕ್ಷರಾಗಬಾರ್ದು ಅಂತ ನಿಯಮ ಐತಿ. ಅವರದು ಈಗ ಮುಗೀತು. ಆಸ್ಟಿನ್ ಸಭಾದಾಗ ಆ ನಿಯಮಾನ ತಗೀಬೇಕಂತ ಠರಾವು ಬರ್ತೈತ್ರಿ. ನಿಮ್ಮನ್ನ ಕರಸ್ರಿ ಅಂತ ಹೇಳಿದಾಕಿ ನಾನ. ನಿಮ್ಮ ಪುಸ್ತಕ ಕೇಳಿದ್ರ ನಮ್ಮ ಮಂದಿಗೆ ಒಂದೀಟು ಎಚ್ಚರಾದೀತು ಅನ್ಕೊಂಡಿದ್ದೆ."

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಹಣ್ಣಿನ ಬುಟ್ಟಿಯ ಹಿಂದೆ ಇಟ್ಟುಕೊಂಡೆ.

"ಆದ್ರೆ ಅವರು ಒಳ್ಳೆಯವರಲ್ವಾ? ಎಲ್ಲರಿಗೂ ಎಷ್ಟು ಸಹಾಯ ಮಾಡ್ತಾರೆ..."

"ಒಳ್ಳೇವ್ರ ಹೌದ್ರಿ, ನಾ ಇಲ್ಲ ಅನ್ನಂಗಿಲ್ಲ. ಅತ್ತಿ ಬಿದ್ದು ಸೊಂಟ ಮುರಕೊಂಡಾಗ ತಿಂಗಳಾನುಗಟ್ಟಲೆ ಮನೀಗೆ ಊಟ ಬರೂಹಂಗ ಮಾಡಿದವ್ರ ಅವ್ರ. ಆದ್ರ ಹೋದ ವರ್ಷ ಒಂದು ಮನೀಯವ್ರು, ಸಭಾ ಯಾಕ ಮುಂದ ಹಾಕಿದ್ರಿ ಅಂತ ಗ್ರೂಪಿನಾಗ ಕೇಳಿದ್ರು. ಅವ್ರನ್ನ ತಗದ್ರು. ಯಾರೂ ಬೈಲಿಲ್ಲ, ಜಗಳಾಡಲಿಲ್ಲ. ಕರಿಯೋದು ಬಿಟ್ರು, ಅಷ್ಟ. ಅವ್ರ ಮಗಳ ಹುಟ್ಟಿದ ಹಬ್ಬಕ್ಕ ತಂದ ಕೇಕು ಹಂಗ ಉಳೀತ್ರಿ."

ಶಂಕರವ್ವನವರಿಗೆ ಕನ್ನಡ ಬಿಟ್ಟರೆ ಬೇರೆ ಮಾತು ಬರುವುದಿಲ್ಲ. ಮೊಮ್ಮಕ್ಕಳು ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ. ವಾರವಿಡೀ ಆಕೆ ಕಾಯುವುದು ಶನಿವಾರಕ್ಕೆ. ಅವತ್ತು ಬಳಗದ ಹಿರಿಯ ಹೆಂಗಸರೆಲ್ಲ ಯಾರದಾದರೂ ಮನೆಯಲ್ಲಿ ಸೇರಿ ಚೌಕಾಬಾರ ಆಡುತ್ತಾರೆ, ಭಜನೆ ಹೇಳುತ್ತಾರೆ, ಸೊಸೆಯರನ್ನು ಬೈಯುತ್ತಾರೆ. ವಿಜಯಾ ಆಸ್ಟಿನ್ನಿನಲ್ಲಿ ಎದ್ದು ನಿಂತು ಬೇಡ ಎಂದರೆ ಆ ಶನಿವಾರ ಹೋಗುತ್ತದೆ. ಅದು ಆ ಮನೆಯಲ್ಲಿ ಇಬ್ಬರಿಗೂ ಗೊತ್ತಿತ್ತು.

"ನೀ ಮಾತಾಡವ್ವ" ಅಂದರು ಶಂಕರವ್ವ, ಕವಡೆಯಿಂದ ಕಣ್ಣೆತ್ತದೆ. "ನಾ ಒಬ್ಬಾಕೀನ ಆಡ್ಕೊಂತ ಕೂಡತೀನಿ."

ಮರುದಿನದ ಭಾಷಣದಲ್ಲಿ ನಾನು ಸೋದರಮಾವನ ಎರಡನೇ ಅರ್ಧ ಹೇಳಿದೆ. ಹವಾಮಾನ ಇಲಾಖೆಯನ್ನು ಅವನು ಮುಚ್ಚಿಸಿದ್ದ, ತಾನೇ ಮೋಡ ನೋಡಿ ಹೇಳುತ್ತೇನೆ ಅಂತ. ಅವನು ಅಧಿಕಾರಕ್ಕೆ ಬಂದ ದಿನದ ಹಬ್ಬಕ್ಕೆ ಊರಿನ ದೋಣಿಗಳೆಲ್ಲ ಸಿಂಗರಿಸಿಕೊಂಡು ಮೆರವಣಿಗೆ ಹೊರಡಬೇಕಿತ್ತು. ಆಕಾಶ ಕಪ್ಪಾಗಿತ್ತು. ಬಂದರಿನಲ್ಲಿ ನಿಂತು ಅವನು "ಸಮುದ್ರ ಶಾಂತವಾಗಿದೆ" ಅಂದ. ಜನ ಚಪ್ಪಾಳೆ ತಟ್ಟಿದರು. ದೋಣಿಗಳು ಹೋದವು. ಬಹಳಷ್ಟು ವಾಪಸು ಬರಲಿಲ್ಲ. ಪೇಪರುಗಳು ಮೆರವಣಿಗೆಯ ಫೋಟೋ ಮಾತ್ರ ಹಾಕಿದವು. ಅವನು ತನ್ನ ಹಾಸಿಗೆಯಲ್ಲೇ, ವಯಸ್ಸಾಗಿ ಸತ್ತ. ಕೊನೆಯ ದರ್ಶನದ ಸಾಲಿನಲ್ಲಿ ಅಂದು ಮಕ್ಕಳನ್ನು ಕಳಕೊಂಡ ತಾಯಂದಿರೂ ಇದ್ದರು, ಮತ್ತು ಅವರು ನಿಜವಾಗಿಯೇ ಅಳುತ್ತಿದ್ದರು.

ವಿಜಯಾ ಎದ್ದು ಪ್ರಶ್ನೆ ಕೇಳಿದರು. "ಬಂದರದಾಗ ನಿಂತು ಚಪ್ಪಾಳಿ ತಟ್ಟಿದ್ರಲ್ರಿ, ಅವ್ರಿಗೆ ಮೋಡ ಕಾಣ್ತಿದ್ದಿಲ್ಲೇನ್ರಿ?"

"ಭಯ. ಅದಕ್ಕೆ ರಾಜ್ಯಶಾಸ್ತ್ರದಲ್ಲಿ..." ಎಂದು ಶುರುಮಾಡಿ ಬಹಳ ಹೊತ್ತು ಮಾತಾಡಿದೆ. ಅವರು ಕೊನೆಯವರೆಗೂ ಕೇಳಿ, "ಭಯ ಅಷ್ಟ ಏನ್ರಿ?" ಎಂದು ಕೂತರು. ಆಮೇಲೆ ಸನ್ಮಾನವಾಯಿತು. ಇನ್ನೊಂದು ಶಾಲು, ಇನ್ನೊಂದು ಪೇಟ, ಇನ್ನೊಂದು ಬುಟ್ಟಿ.

ರೌಂಡ್ ರಾಕ್

ಆಸ್ಟಿನ್ ಸಭೆ ರೌಂಡ್ ರಾಕಿನ ಒಂದು ಹಾಲಿನಲ್ಲಿ. ಹ್ಯೂಸ್ಟನ್ನಿಂದ ವಿಜಯಾ ಅವರ ಕಾರಿನಲ್ಲೇ ಹೋದೆವು. ಮುಂದಿನ ಸೀಟಿನಲ್ಲಿ ಶಂಕರವ್ವ, ಮಡಿಲಲ್ಲಿ ಕವಡೆಯ ಚೀಲ. ದಾರಿಯುದ್ದಕ್ಕೂ ನಾನು ವೀರಾವೇಶದಲ್ಲಿದ್ದೆ. ಸಮುದ್ರದ ಅಧ್ಯಾಯವನ್ನೇ ಓದುತ್ತೇನೆ, ಪ್ರಸನ್ನ ಅವರಿಗೆ ತಾವು ಮಾಡುತ್ತಿರುವುದು ಅರ್ಥವಾಗಿ ಠರಾವು ವಾಪಸು ತಗೊಳ್ಳುತ್ತಾರೆ, ವಿಜಯಾ ನನ್ನ ಕೈ ಹಿಡಿದುಕೊಳ್ಳುತ್ತಾರೆ. ನನ್ನ ಬರವಣಿಗೆಯ ಶಕ್ತಿಯ ಮೇಲೆ ನನಗೆ ಅಷ್ಟು ನಂಬಿಕೆ.

ಓದಿದೆ. ದೋಣಿಗಳು ಮುಳುಗುವ ಭಾಗಕ್ಕೆ ಬಂದಾಗ ಮೊದಲ ಸಾಲಿನಲ್ಲಿ ಪ್ರಸನ್ನ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. ತಗಲಿತು ಅಂದುಕೊಂಡೆ. ಅವರು ವೇದಿಕೆಗೆ ಬಂದು ನನ್ನ ಎರಡೂ ಕೈ ಹಿಡಿದು ಹೇಳಿದರು: "ಎಂಥಾ ಕ್ರೂರಿ ಮೇಡಂ ಅವ್ನು! ಸದ್ಯ, ನಮ್ಮಲ್ಲಿ ಅಂಥೋರು ಹುಟ್ಟಿಲ್ಲ."

ನಾಟಕ ಇರಲಿಲ್ಲ ಅವರ ಮುಖದಲ್ಲಿ. ನಿಜವಾದ ದುಃಖ ಇತ್ತು. ನನ್ನ ವೀರಾವೇಶಕ್ಕೆ ಏನು ಮಾಡಬೇಕೋ ತೋಚಲಿಲ್ಲ.

ಮತ್ತೆ ಶಾಲು, ಮತ್ತೆ ಪೇಟ. ಆಮೇಲೆ ಪರದೆಯ ಮೇಲೆ ನನ್ನ ಡಾಲಸ್ ವೀಡಿಯೋ ಹಾಕಿದರು. ಗೋಡೆಯಷ್ಟು ದೊಡ್ಡದಾಗಿ, ಒಂದೇ ಕಣ್ಣಿನಿಂದ ನನ್ನನ್ನು ನಾನೇ ನೋಡುತ್ತಾ "ಸದಾಕಾಲ" ಅಂದೆ. ಕಾರ್ಯದರ್ಶಿ ಠರಾವು ಓದಿದರು, ಅಧ್ಯಕ್ಷರ ಅವಧಿಗೆ ಇನ್ನು ಮಿತಿ ಬೇಡ ಎಂಬುದು. ಓದಿ, ನಮ್ಮ ಸಭೆಗಳಲ್ಲಿ ಯಾವಾಗಲೂ ಹೇಳುವ ಹಾಗೆ, "ಇದನ್ನು ಜೋರಾದ ಚಪ್ಪಾಳೆಯ ಮೂಲಕ ಅನುಮೋದಿಸಬೇಕಾಗಿ ವಿನಂತಿ" ಎಂದರು.

ಕಿವಿ ಗಡಚಿಕ್ಕಿತು. ನನ್ನ ಹತ್ತಿರದಲ್ಲೇ ಯಾರೋ ಬಹಳ ಉತ್ಸಾಹದಿಂದ ತಟ್ಟುತ್ತಿದ್ದರು. ನೋಡಿದರೆ ನನ್ನದೇ ಕೈಗಳು.

ಸುಳ್ಳಲ್ಲ. ಜೀವಮಾನವಿಡೀ ವೇದಿಕೆಗಳ ಮೇಲೆ ಕೂತು ಕೂತು, ಜೋರಾದ ಚಪ್ಪಾಳೆ ಎಂಬ ಮಾತು ಕಿವಿಗೆ ಬಿದ್ದರೆ ನನ್ನ ಕೈಗಳು ಅಪ್ಪಣೆ ಕೇಳುವುದಿಲ್ಲ. ಅದೂ ಅಲ್ಲದೆ, ನಿಜ ಹೇಳಬೇಕೆಂದರೆ, ಮುಲಾಮು ತಂದುಕೊಟ್ಟವರ ಮುಂದೆ ಕೈಕಟ್ಟಿ ಕೂರುವುದು ನನಗೆ ಮರ್ಯಾದೆ ಅನ್ನಿಸಲಿಲ್ಲ. ಥೂ ಅನ್ನಿಸಿತು ನನಗೆ ನನ್ನ ಮೇಲೆ. ಕೈಗಳನ್ನು ಶಾಲಿನೊಳಗೆ ಹುದುಗಿಸಿಕೊಂಡೆ.

ಹಿಂದಿನ ಸಾಲಿನಲ್ಲಿ ವಿಜಯಾ ಎದ್ದು ನಿಂತರು. "ನನ್ನ ವಿರೋಧ ಐತ್ರಿ. ಚಪ್ಪಾಳ್ಯಾಗ ತಟ್ಟಲಾರದವ್ರು ಲೆಕ್ಕಕ್ಕ ಬರಂಗಿಲ್ಲ. ಕೈ ಎತ್ತಿಸಿ ಎಣಸ್ರಿ."

ಎಲ್ಲರೂ ತಮ್ಮ ತಮ್ಮ ಫೋನು ನೋಡಿಕೊಂಡರು. ಕ್ಯಾರಲ್ಟನ್ ಅಂಗಡಿಯಲ್ಲಿ ಕಣ್ಣೊರೆಸಿಕೊಂಡಾಕೆ ಮಗುವಿನ ಬಾಯಿ ಒರೆಸತೊಡಗಿದಳು. ಪ್ರಸನ್ನ ಸ್ವಲ್ಪವೂ ಸಿಟ್ಟಾಗದೆ ನಕ್ಕರು. "ವಿಜಯಾ ಅವ್ರೇ, ಮಕ್ಕಳಿಗೆ ಹಸಿವಾಗಿದೆ, ಬಿಸಿಬೇಳೆಬಾತ್ ಆರೋಗ್ತಾ ಇದೆ. ಊಟ ಆದ್ಮೇಲೆ ಕೂತು ಮಾತಾಡೋಣ ಬನ್ನಿ, ನಾನು ನೋಡ್ಕೋತೀನಿ."

ನಾನು ನೋಡ್ಕೋತೀನಿ. ಬಂದ ದಿನದಿಂದ ಇದೇ ಮಾತು ಕೇಳುತ್ತಿದ್ದೆ. ಸೋದರಮಾವನ ಬಾಯಲ್ಲಿ ಇದೇ ಮಾತನ್ನು ನಾನೇ ಬರೆದಿದ್ದೆ. ಎರಡನ್ನೂ ಜೋಡಿಸಲು ನನಗೆ ಮೂರು ಊರು, ಮೂರು ಪೇಟ ಬೇಕಾದವು.

ಎದ್ದು ಹೋಗಿ ಮೈಕು ಕಸಿದುಕೊಂಡೆ. "ಡಾಲಸ್‌ನಲ್ಲಿ ನಾನು ಆಡಿದ ಮಾತು ತಪ್ಪು. ನಿಮ್ಮ ನಿಯಮ ನನಗೆ ಗೊತ್ತಿರಲಿಲ್ಲ. ಶಾಲು, ಪೇಟ, ಹಣ್ಣಿನ ಬುಟ್ಟಿ ಕೊಟ್ಟರಲ್ಲ, ಆ ಖುಷಿಗೆ ಅಂದುಬಿಟ್ಟೆ. ಆ ಮಾತನ್ನು ವಾಪಸು ತಗೊಳ್ತೀನಿ. ವಿಜಯಾ ಅವರು ಹೇಳಿದ ಹಾಗೆ ಕೈ ಎತ್ತಿಸಿ ಎಣಿಸಿ" ಅಂದೆ.

ಆಗ ಸರಿಯಾಗಿ ಪೇಟ ಜಾರಿ ಕಣ್ಣ ಮೇಲೆ ಬಿತ್ತು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು.

"ನೋಡಿ, ಹಣ್ಣಿನ ಬುಟ್ಟಿಗೆ ಹೊಗಳಿದ್ರಂತೆ!" ಎಂದರು ಕಾರ್ಯದರ್ಶಿ, ನಗುತ್ತಾ. "ಎಷ್ಟು ದೊಡ್ಡವರು, ಎಂಥ ಹಾಸ್ಯಪ್ರಜ್ಞೆ! ಮೇಡಂ ಅವರಿಗೆ ಇನ್ನೊಮ್ಮೆ ಜೋರಾದ ಚಪ್ಪಾಳೆ!"

ಬಂತು. ಜೋರಾಗಿಯೇ ಬಂತು. ಆ ಚಪ್ಪಾಳೆಯ ನಡುವೆಯೇ ಠರಾವು ಸರ್ವಾನುಮತದಿಂದ ಅಂಗೀಕಾರವಾಗಿದೆ ಎಂದು ಪ್ರಕಟಿಸಿದರು. ಊಟದ ಸಾಲು ಶುರುವಾಯಿತು.

ನನ್ನನ್ನು ಫೋಟೋಗಳಿಗೆ ನಿಲ್ಲಿಸಿಕೊಂಡರು. ಬಿಡಿಸಿಕೊಂಡು ಹೋಗುವಷ್ಟರಲ್ಲಿ ಕೊನೆಯ ಮೇಜಿನಲ್ಲಿ ಅತ್ತೆ ಸೊಸೆ ಇಬ್ಬರೇ ಕೂತಿದ್ದರು. ಸುತ್ತಲಿನ ಕುರ್ಚಿಗಳನ್ನು ಜನ ಬೇರೆ ಮೇಜುಗಳಿಗೆ ಎಳೆದುಕೊಂಡು ಹೋಗಿದ್ದರು. ಶನಿವಾರದ ಗೆಳತಿಯರಲ್ಲಿ ಒಬ್ಬರೂ ಇತ್ತ ನೋಡುತ್ತಿರಲಿಲ್ಲ. ನಾನು ಹತ್ತಿರ ಹೋದದ್ದೇ ಶಂಕರವ್ವ ಎದ್ದರು.

"ಹೊರಡ್ತೀವ್ರಿ ತಾಯಿ" ಅಂದರು. ನನ್ನ ತಲೆಯ ಕಡೆ ನೋಡಿ, "ಪೇಟ ಛಲೋ ಕಾಣಸ್ತೈತಿ" ಎಂದರು.

ಅದನ್ನು ನಾನು ತೆಗೆದೇ ಇರಲಿಲ್ಲ.

ಮತ್ತೆ ವಿಮಾನ ನಿಲ್ದಾಣ

ಮರುದಿನ ಆಸ್ಟಿನ್ ನಿಲ್ದಾಣಕ್ಕೆ ಪ್ರಸನ್ನ ಅವರೇ ಬಿಟ್ಟರು. ಕಾರಿನಲ್ಲಿ ವಿಜಯಾ ಅವರ ವಿಷಯ ಎತ್ತಿದೆ.

"ಪಾಪ, ಅವ್ರಿಗೆ ಕೆಲಸದ ಒತ್ತಡ ಜಾಸ್ತಿ ಮೇಡಂ. ದಣಿದಿದಾರೆ. ಸ್ವಲ್ಪ ರೆಸ್ಟ್ ತಗೊಳ್ಳಿ ಅಂತ ಗ್ರೂಪಿಂದ ಒಂದು ಬ್ರೇಕ್ ಕೊಟ್ಟಿದೀವಿ" ಎಂದರು. ದನಿಯಲ್ಲಿ ಕಾಳಜಿ ಇತ್ತು.

"ಅದು ತಪ್ಪು, ಪ್ರಸನ್ನ. ಆ ಅಜ್ಜಿಗೆ ಶನಿವಾರ ಬಿಟ್ಟರೆ ಬೇರೇನೂ ಇಲ್ಲ."

"ನನಗೆ ಗೊತ್ತಿಲ್ವಾ ಮೇಡಂ? ಅವ್ರ ಸೊಂಟ ಮುರಿದಾಗ ನೋಡ್ಕೊಂಡಿದ್ದು ಯಾರು? ನೀವು ಟೆನ್ಶನ್ ಮಾಡ್ಕೋಬೇಡಿ."

ನಿಲ್ದಾಣದಲ್ಲಿ ಸೂಟ್‌ಕೇಸಿನ ಭಾರ ಹೆಚ್ಚಾಯಿತು. ಅವರು ನೆಲದ ಮೇಲೆ ಮಂಡಿಯೂರಿ, ಮಾರಾಟವಾಗದ ಪುಸ್ತಕಗಳನ್ನು ತೆಗೆದು ಸ್ಮರಣಿಕೆಗಳನ್ನು ಒಳಗಿಟ್ಟರು, ಪುಸ್ತಕಗಳನ್ನು ತಾವೇ ಪೋಸ್ಟಿನಲ್ಲಿ ಕಳಿಸುತ್ತೇನೆಂದರು. ಕೊನೆಗೆ ಹೆಂಡತಿ ಕಟ್ಟಿಕೊಟ್ಟ ಮೊಸರನ್ನದ ಡಬ್ಬಿಯನ್ನು ನನ್ನ ಕೈಯಲ್ಲಿಟ್ಟರು. ಜೊತೆಗೆ ಬಾಳಕ ಮೆಣಸಿನಕಾಯಿ. "ತುಂಬಾ ಉಪಕಾರ ಆಯ್ತಪ್ಪ" ಎಂದು ಹೇಳಿ ಒಳಗೆ ಹೋದೆ. ಮನಸಾರೆ ಹೇಳಿದೆ. ಅದೇ ನನ್ನನ್ನು ಈಗಲೂ ಕಾಡುವುದು. ಮೊಸರನ್ನ ಬಹಳ ರುಚಿಯಾಗಿತ್ತು.

ದಾವಣಗೆರೆ

ಊರಿಗೆ ಬಂದಮೇಲೆ ಭಾನುವಾರ ಬೆಳಗಾದರೆ ನಾನು ಕಾಫಿ ಲೋಟ ಹಿಡಿದು ಫೋನಿನ ಮುಂದೆ ಕೂರುತ್ತೇನೆ. ಅಲ್ಲಿ ಆಗ ಶನಿವಾರದ ಸಂಜೆ. ಪರದೆಯ ಆಚೆ ಶಂಕರವ್ವ ಚೌಕಾಬಾರ ಹಾಸಿಕೊಂಡು ತಯಾರಾಗಿರುತ್ತಾರೆ. ಅವರ ಕವಡೆಯನ್ನೂ ಅವರೇ ಹಾಕುತ್ತಾರೆ, ನನ್ನದನ್ನೂ ಅವರೇ ಹಾಕುತ್ತಾರೆ, ನನ್ನ ಕಾಯಿ ನಡೆಸುವವರೂ ಅವರೇ. ನಾನು ಒಂದು ಸಲವೂ ಗೆದ್ದಿಲ್ಲ. ಹೇಗೆ ಗೆಲ್ಲಲಿ? ಒಮ್ಮೆ ಅನುಮಾನ ಬಂದು "ಅಮ್ಮ, ನಂದು ನಾಲ್ಕು ಬಿದ್ದ ಹಾಗಿತ್ತಲ್ಲ" ಎಂದೆ. "ನಿಮಗ ಅಲ್ಲಿಂದ ಏನ್ ಕಾಣಸ್ತೈತ್ರಿ?" ಎಂದು ನನ್ನ ಕಾಯಿ ಕಡಿದರು.

ಗೆಳತಿಯರು ಯಾರಾದರೂ ಫೋನ್ ಮಾಡುತ್ತಾರಾ ಎಂದು ನಾನು ಕೇಳುವುದಿಲ್ಲ. ಅವರೂ ಹೇಳುವುದಿಲ್ಲ. ಆಟ ಮುಗಿದ ಮೇಲೂ ಫೋನು ಇಡಲು ಅವರಿಗೆ ಮನಸ್ಸು ಬರುವುದಿಲ್ಲ, ಮಂಡಕ್ಕಿ ಹೇಗಿದೆ, ಕೆ.ಜಿ. ಬದನೆಕಾಯಿಗೆ ಎಷ್ಟು ಎಂದು ಏನಾದರೂ ಕೇಳುತ್ತಲೇ ಇರುತ್ತಾರೆ.

ಹೋದ ಭಾನುವಾರ ವಿಜಯಾ ಫೋನು ತೆಗೆದುಕೊಂಡರು. ಪುಸ್ತಕದ ಎರಡನೇ ಮುದ್ರಣ ಬರುತ್ತಿದೆ ಎಂದೆ. ಪರದೇಶದಲ್ಲಿ ಭಾಷಣ ಮಾಡಿ ಬಂದ ಪುಣ್ಯವೋ ಏನೋ, ನಮ್ಮೂರಲ್ಲೂ ಒಂದಷ್ಟು ಜನ ಕೊಂಡುಕೊಂಡಿದ್ದರು.

"ಹ್ಯೂಸ್ಟನ್ನಲ್ಲಿ ನೀವು ಒಂದು ಪ್ರಶ್ನೆ ಕೇಳಿದ್ರಲ್ಲ ವಿಜಯಾ, ಭಯ ಅಂತ ಹೇಳಿ ನಿಮ್ಮ ತಲೆ ತಿಂದಿದ್ದೆ. ಈಗ ಒಂದು ಅಧ್ಯಾಯ ಸೇರಿಸ್ತಾ ಇದ್ದೀನಿ. ಚಪ್ಪಾಳೆ ತಟ್ಟಿದವರ ಬಗ್ಗೆ."

"ಏನಂತ ಬರದೀರಿ?"

"ಅವರಿಗೆ ಮೋಡ ಕಾಣ್ತಿತ್ತು ಅಂತ."

ಹಿಂದೆ ಶಂಕರವ್ವ ಕವಡೆ ಕುಲುಕುವ ಸದ್ದು ಕೇಳಿಸಿತು.

"ಹಂಗಾದ್ರ ಒಂದು ಕೆಲಸ ಮಾಡ್ರಿ ಮೇಡಂ" ಎಂದರು ವಿಜಯಾ. "ಪುಸ್ತಕದ ಹಿಂದ ನಿಮ್ಮ ಫೋಟೋ ಐತಲ್ರಿ, ಕನ್ನಡಕ ಹಾಕ್ಕೊಂಡು, ಗದ್ದಕ್ಕ ಕೈ ಇಟ್ಕೊಂಡು? ಅದನ್ನ ತಗೀರಿ. ಪೇಟದ ಫೋಟೋ ಹಾಕ್ರಿ."

ನಿನ್ನೆ ಪ್ರಕಾಶಕರಿಗೆ ಕಳಿಸಿದೆ. ಒಂದು ಕಣ್ಣು ಕಾಣುವುದಿಲ್ಲ, ಇನ್ನೊಂದು ಚೆನ್ನಾಗಿ ಬಂದಿದೆ.